ಕುಮಟಾ ಪೇಟೆಯ ಹಳೆ ಅಂಗಡಿಗೆ ಪಾರಂಪರಿಕ ಮಹತ್ವ ಇದೆಯೇ?

ಪ್ರಶ್ನೆ: ಕುಮಟಾದ ಹಳೆ ಪೇಟೆ ಬೀದಿಯಲ್ಲಿ ನಮ್ಮ ಮುತ್ತಜ್ಜ ಕಟ್ಟಿಸಿದ ಅಂಗಡಿಯಿದೆ. ಕೆಳಗೆ ಅಂಗಡಿ, ಮೇಲೆ ಮೆತ್ತು, ಹಿಂದೆ ಮಾಲು ಇಡುವ ವಖಾರಿ. ಚಿರೆಕಲ್ಲಿನ ಗೋಡೆ, ಹಲಗೆ ಬಾಗಿಲು, ಮಂಗಳೂರು ಹಂಚಿನ ಮಾಡು. ಹಂಚಿನ ಮೇಲೆ 1865 ಎಂದು ಅಚ್ಚಾಗಿರುವುದರಿಂದ ಕಟ್ಟಡವೂ ಅದೇ ವರ್ಷದ್ದು ಎಂದು ಮನೆಯವರು ನಂಬಿದ್ದಾರೆ. ನಾವು ಮೂವರು ಅಣ್ಣತಮ್ಮಂದಿರು. ಒಬ್ಬರಿಗೆ ಇದನ್ನು ಕೆಡವಿ ವಾಣಿಜ್ಯ ಸಂಕೀರ್ಣ ಕಟ್ಟಿಸಬೇಕೆಂದಿದೆ. ಹಳೆ ಮರಮಟ್ಟು ಕೊಳ್ಳುವವರು ಬಾಗಿಲಿಗೂ ಕಂಬಗಳಿಗೂ ಬೆಲೆ ಹೇಳಿಹೋಗಿದ್ದಾರೆ. ಇದು ಅರಸರು ಇದ್ದ ಜಾಗವಲ್ಲ, ಕೆತ್ತನೆಯೂ ವಿಶೇಷವಿಲ್ಲ. ಇಂಥ ಕಟ್ಟಡಕ್ಕೆ ಪಾರಂಪರಿಕ ಮಹತ್ವ ಇದೆ ಎನ್ನಬಹುದೇ? ಹಾಗೆ ಒಪ್ಪಿಕೊಂಡರೆ ಸರ್ಕಾರದ ನಿರ್ಬಂಧ ಬರುತ್ತದೆಯೇ?

ಉತ್ತರ: ಇದೆ ಎಂದೇ ನನ್ನ ಸ್ಪಷ್ಟ ಅಭಿಪ್ರಾಯ. ಆದರೆ ನೀವು ಆ ಮಹತ್ವವನ್ನು ಹುಡುಕುತ್ತಿರುವ ಜಾಗ ಬೇರೆ, ಅದು ಇರುವ ಜಾಗ ಬೇರೆ. ಕಟ್ಟಡ ಎಷ್ಟು ಹಳೆಯದು, ಬಾಗಿಲಿನಲ್ಲಿ ಎಷ್ಟು ಕೆತ್ತನೆಯಿದೆ, ಯಾವ ದೊಡ್ಡವರು ಅಲ್ಲಿಗೆ ಬಂದಿದ್ದರು ಎಂಬುವು ಕೇಳಬೇಕಾದ ಪ್ರಶ್ನೆಗಳೇ ಹೌದಾದರೂ ಅಂಗಡಿಯ ವಿಷಯದಲ್ಲಿ ಅವು ಎರಡನೆಯ ಸಾಲಿಗೆ ಸೇರುತ್ತವೆ. ಈ ಕಟ್ಟಡ ಇಲ್ಲವಾದರೆ ಕುಮಟಾ ಪೇಟೆಯ ಬದುಕಿನ ಯಾವ ಸಂಗತಿಯನ್ನು ಮುಂದೆ ಯಾರೂ ಕಣ್ಣಾರೆ ಕಂಡು ತಿಳಿಯಲಾರರು ಎಂಬುದೇ ಇಲ್ಲಿ ಮೊದಲ ಪ್ರಶ್ನೆ. ಪಾರಂಪರಿಕ ಕಟ್ಟಡಗಳನ್ನು ಅಳೆಯುವ ಕ್ರಮದಲ್ಲಿ ಜಗತ್ತಿನ ಹಲವೆಡೆ ಮಾದರಿಯಾಗಿರುವ ಆಸ್ಟ್ರೇಲಿಯದ 1979ರ ಬುರ್ರಾ ಸನ್ನದು ಸೌಂದರ್ಯದ ಜೊತೆಗೆ ಇತಿಹಾಸ, ವೈಜ್ಞಾನಿಕ ತಿಳಿವು ಮತ್ತು ಸಮಾಜದ ಒಡನಾಟ ಇವುಗಳನ್ನೂ ಸರಿಸಮಾನ ಮೌಲ್ಯಗಳೆಂದು ಎಣಿಸಿತು. ನಮ್ಮಲ್ಲಿ ಪರಂಪರೆಯ ಸಂರಕ್ಷಣೆಗಾಗಿ 1984ರಲ್ಲಿ ಸ್ಥಾಪನೆಯಾದ ಇಂಟಾಕ್ ಸಂಸ್ಥೆ 2004ರಲ್ಲಿ ಹೊರತಂದ ಸನ್ನದಂತೂ ಯಾವ ಕಾನೂನಿನ ರಕ್ಷಣೆಯೂ ಇಲ್ಲದ, ಜನ ಇಂದಿಗೂ ಬಳಸುತ್ತಿರುವ ಕಟ್ಟಡಗಳನ್ನೇ ಮುಖ್ಯ ವಿಷಯವಾಗಿ ತೆಗೆದುಕೊಂಡಿತು. ನಿಮ್ಮ ಅಂಗಡಿ ಸೇರುವುದು ಈ ಬಗೆಗೆ.

ಕುಮಟಾದ ಮಟ್ಟಿಗೆ ಈ ಪ್ರಶ್ನೆಗೆ ಉತ್ತರಿಸಲು ಪೇಟೆಯ ವ್ಯಾಪಾರದ ಚರಿತ್ರೆಯನ್ನು ಸ್ವಲ್ಪ ನೋಡಬೇಕು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ತಲುಪದಂತಾದಾಗ, ಹುಬ್ಬಳ್ಳಿ ಧಾರವಾಡ ಸೀಮೆಯ ಹತ್ತಿಗೆ ಹಿಂದೆಂದೂ ಇಲ್ಲದ ಬೇಡಿಕೆ ಬಂತು. ಆ ಹತ್ತಿ ಎತ್ತಿನ ಗಾಡಿಗಳಲ್ಲಿ ಶಿರಸಿಗೆ ಬಂದು, ದೇವಿಮನೆ ಘಟ್ಟ ಇಳಿದು ಕುಮಟಾ ಬಂದರನ್ನು ಸೇರಿ, ಅಲ್ಲಿಂದ ಪತ್ತೇಮಾರಿ ಎಂಬ ಹಾಯಿಹಡಗುಗಳಲ್ಲಿ ಮುಂಬಯಿಗೆ ಹೋಗುತ್ತಿತ್ತು. ಕುಮಟಾದ ನೆಲದಲ್ಲಿ ಹತ್ತಿ ಬೆಳೆಯುವುದಿಲ್ಲ. ಆದರೂ ಧಾರವಾಡ ಸೀಮೆಯ ನಾಡಹತ್ತಿ ಹೊರದೇಶದ ಮಾರುಕಟ್ಟೆಯಲ್ಲಿ ಕುಮಟಾ ಹತ್ತಿ ಎಂದೇ ಹೆಸರಾಗಿತ್ತೆಂದರೆ ಈ ಪೇಟೆಯ ಕೈ ಎಷ್ಟು ದೂರ ಚಾಚಿತ್ತು ಎಂಬುದನ್ನು ಊಹಿಸಬಹುದು. ಇದೇ ಅವಧಿಯಲ್ಲಿ, 1862ರಲ್ಲಿ, ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲಾಯಿತು. ಕಾರವಾರದ ಬಂದರನ್ನು ಹತ್ತಿ ಸಾಗಣೆಗೆ ಅಣಿಗೊಳಿಸಬೇಕೆಂಬ ಮ್ಯಾಂಚೆಸ್ಟರ್ ವ್ಯಾಪಾರಿಗಳ ಒತ್ತಾಯ ಅದರ ಹಿಂದಿನ ಕಾರಣಗಳಲ್ಲಿ ಒಂದಾಗಿತ್ತು. 1890ರ ಹೊತ್ತಿಗೆ ರೈಲು ಧಾರವಾಡ ಸೀಮೆಯನ್ನು ಗೋವೆಯ ಮರ್ಮಗೋವಾ ಬಂದರಿಗೆ ಜೋಡಿಸಿತು. ಹತ್ತಿಯ ಗಾಡಿಗಳು ಘಟ್ಟ ಇಳಿಯುವುದು ಕಡಿಮೆಯಾಯಿತು. ಆಮೇಲೆ ಕುಮಟಾ ಪೇಟೆಯನ್ನು ನಡೆಸಿದ್ದು ಘಟ್ಟದ ಮೇಲಿನ ಅಡಿಕೆ, ಕಾಳುಮೆಣಸು, ಕರಾವಳಿಯ ತೆಂಗು, ಸಾಣಿಕಟ್ಟೆಯ ಉಪ್ಪು, ಒಣಮೀನು ಮತ್ತು ದಿನಬಳಕೆಯ ಕಿರಾಣಿ. ಈ ಏರಿಳಿತ ಸರ್ಕಾರದ ಕಡತಗಳಲ್ಲಿ ಅಂಕಿಗಳಾಗಿ ಉಳಿದಿದೆ. ಅದೇ ವ್ಯಾಪಾರ ದಿನವೂ ಹೇಗೆ ನಡೆಯುತ್ತಿತ್ತು, ಮಾಲು ಎಲ್ಲಿಂದ ಒಳಗೆ ಬಂದು ಎಲ್ಲಿ ಕೂತು ಎಲ್ಲಿಂದ ಹೊರಗೆ ಹೋಗುತ್ತಿತ್ತು ಎಂಬುದನ್ನು ತೋರಿಸಬಲ್ಲವು ನಿಮ್ಮಂಥ ಕಟ್ಟಡಗಳು ಮಾತ್ರ.

ನೀವು ಕಳಿಸಿದ ಚಿತ್ರಗಳಲ್ಲಿ ಮುಂಬಾಗಿಲಿಗಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಟ್ಟಡದ ಉದ್ದ. ಬೀದಿಯ ಕಡೆ ಕಿರಿದಾಗಿದ್ದು ಹಿಂದಕ್ಕೆ ನೀಳವಾಗಿ ಹೋಗುವ ಈ ವಿನ್ಯಾಸದಲ್ಲಿ ಮೊದಲು ಕಟ್ಟೆ, ಆಮೇಲೆ ಗಲ್ಲಾ ಇರುವ ಅಂಗಡಿ, ಅದರ ಹಿಂದೆ ಲೆಕ್ಕ ಬರೆಯುವ ಕೋಣೆ, ಅದರಾಚೆ ಒಳಂಗಳ, ಕೊನೆಗೆ ವಖಾರಿ ಹೀಗೆ ಒಂದರ ಹಿಂದೆ ಒಂದು ಬರುತ್ತವೆ. ಈ ಕ್ರಮ ಆಕಸ್ಮಿಕವಲ್ಲ. ಬೀದಿಯ ಮುಖದ ಜಾಗಕ್ಕೆ ಬೆಲೆ ಹೆಚ್ಚಾದ್ದರಿಂದ ಪ್ರತಿ ವ್ಯಾಪಾರಿಗೂ ಸಿಕ್ಕಿದ್ದು ಕಿರಿದಾದ ಮುಖ. ಉಳಿದ ಅಗತ್ಯವನ್ನೆಲ್ಲ ಆತ ಹಿಂದಕ್ಕೆ ಬೆಳೆಸಬೇಕಾಯಿತು. ಬೀದಿಯ ಕಡೆಯಿಂದ ಗಿರಾಕಿ, ಹಿಂದಿನ ಓಣಿಯ ಕಡೆಯಿಂದ ಗಾಡಿ: ಎರಡೂ ಒಂದಕ್ಕೊಂದು ಅಡ್ಡ ಬರದಂತೆ ಬಾಗಿಲುಗಳನ್ನು ಇಟ್ಟಿದ್ದಾರೆ. ವಖಾರಿಯ ನೆಲ ಹೊರಗಿನ ಓಣಿಗಿಂತ ಎತ್ತರದಲ್ಲಿರುವುದನ್ನು ನೀವು ಗಮನಿಸಿರಬಹುದು. ಗಾಡಿಯ ತಳಕ್ಕೆ ಸಮನಾದ ಎತ್ತರದಲ್ಲಿ ನೆಲವಿದ್ದರೆ ಮೂಟೆಯನ್ನು ಇಳಿಸಿ ಮತ್ತೆ ಎತ್ತುವ ಶ್ರಮ ಉಳಿಯುತ್ತದೆ, ಮಳೆಗಾಲದಲ್ಲಿ ನೀರೂ ಒಳಗೆ ನುಗ್ಗುವುದಿಲ್ಲ.

ಮಳೆಗಾಲದ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಹಾಯಿಹಡಗುಗಳ ಕಾಲದಲ್ಲಿ ಜೂನ್‌ನಿಂದ ಸುಮಾರು ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯ ಬಂದರುಗಳು ಮುಚ್ಚಿರುತ್ತಿದ್ದವು. ಕಡಲು ಮತ್ತೆ ತೆರೆಯುವವರೆಗೆ ಮಾಲು ವಖಾರಿಯಲ್ಲೇ ಕೂರಬೇಕು. ಅದೂ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಸೀಮೆಯಲ್ಲಿ, ಬೂಸಲು ಹಿಡಿಯದಂತೆ. ನಿಮ್ಮ ವಖಾರಿಯ ಗೋಡೆ ಅಷ್ಟು ದಪ್ಪ ಯಾಕೆ, ಕಿಟಕಿಯ ಬದಲು ಸೂರಿನ ಕೆಳಗೆ ಸಾಲಾಗಿ ಸಣ್ಣ ಗಾಳಿಗಂಡಿಗಳು ಯಾಕೆ, ಅಟ್ಟದ ಹಲಗೆಗಳ ನಡುವೆ ಬೆರಳು ಹೋಗುವಷ್ಟು ಸಂದು ಯಾಕೆ ಬಿಟ್ಟಿದ್ದಾರೆ ಎಂಬುದಕ್ಕೆಲ್ಲ ಉತ್ತರ ಇಲ್ಲಿದೆ. ಹಂಚಿನ ಮಾಡು ತನ್ನ ಸಂದುಗಳಿಂದ ಬಿಸಿಗಾಳಿಯನ್ನು ಹೊರಬಿಡುತ್ತದೆ, ಗಂಡಿಗಳು ತಂಪುಗಾಳಿಯನ್ನು ಒಳಗೆ ತರುತ್ತವೆ, ಅಟ್ಟದ ಸಂದಿನಿಂದ ಆ ಗಾಳಿ ಮೂಟೆಗಳ ನಡುವೆ ಹಾಯುತ್ತದೆ. ಅಡಿಕೆಯನ್ನು ಬಲ್ಲ ಮನೆಯವರಿಗೆ ಇದರ ಬೆಲೆಯನ್ನು ವಿವರಿಸಬೇಕಿಲ್ಲ. ಒಂದು ಇಡೀ ಋತುಚಕ್ರ ಮತ್ತು ಅದಕ್ಕೆ ಹೊಂದಿಕೊಂಡ ವ್ಯಾಪಾರದ ಜಾಣ್ಮೆ ಈ ಗೋಡೆಗಳಲ್ಲಿ ದಾಖಲಾಗಿದೆ. ನಿಮ್ಮ ಕಟ್ಟಡದ ಅತಿ ಬೆಲೆಬಾಳುವ ಭಾಗ ಯಾವುದೆಂದು ನನ್ನನ್ನು ಕೇಳಿದರೆ ವಖಾರಿ ಎಂದೇ ಹೇಳುತ್ತೇನೆ. ಕೆಡವುವ ಮಾತು ಬಂದಾಗ ಎಲ್ಲರೂ ಮೊದಲು ಕೈಬಿಡುವುದೂ ಅದನ್ನೇ.

ಹಲಗೆ ಬಾಗಿಲಿಗೂ ಇದೇ ಮಾತು ಅನ್ವಯಿಸುತ್ತದೆ. ಒಂದೊಂದು ಹಲಗೆಯನ್ನೂ ಚೌಕಟ್ಟಿನ ಮೇಲೆ ಕೆಳಗೆ ಕೊರೆದ ಸಂದಿನಲ್ಲಿ ಸರಿಸಿ, ಕೊನೆಯ ಹಲಗೆಗೆ ಅಡ್ಡಪಟ್ಟಿ ಹಾಕಿ ಬೀಗ ಜಡಿಯುವ ಈ ಏರ್ಪಾಡಿನಲ್ಲಿ ಅಂಗಡಿಯ ಇಡೀ ಮುಖ ಬೀದಿಗೆ ತೆರೆದುಕೊಳ್ಳುತ್ತದೆ. ಕಟ್ಟೆಯ ಮೇಲೆ ಕೂತವನು ಅರ್ಧ ಬೀದಿಯಲ್ಲಿ, ಅರ್ಧ ಅಂಗಡಿಯಲ್ಲಿ ಇರುತ್ತಾನೆ. ಮಾತುಕತೆ, ಚೌಕಾಶಿ, ಸಾಲದ ಲೆಕ್ಕ, ಊರ ಸುದ್ದಿ ಎಲ್ಲ ನಡೆದದ್ದು ಆ ಜಾಗದಲ್ಲಿ. ಬುರ್ರಾ ಸನ್ನದು ಹೇಳುವ ಸಾಮಾಜಿಕ ಮೌಲ್ಯವೆಂದರೆ ಇದೇ. ದೀಪಾವಳಿಯ ಅಂಗಡಿ ಪೂಜೆ ಈಗಲೂ ಅದೇ ಗಲ್ಲಾದ ಮುಂದೆ ನಡೆಯುತ್ತದೆ ಎಂದು ನೀವು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಕಟ್ಟಡದ ಮಹತ್ವವನ್ನು ಬರೆದಿಡುವ ಟಿಪ್ಪಣಿಯಲ್ಲಿ ಆ ಒಂದು ವಾಕ್ಯ ಅವಶ್ಯವಾಗಿ ಸೇರಬೇಕು.

ಇನ್ನು 1865ರ ವಿಷಯ. ಅದು ನಿಮ್ಮ ಕಟ್ಟಡದ ವರ್ಷವಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ವರ್ಷ ಅದು. ಅಲ್ಲಿನ ಹಂಚುಗಳ ಮೇಲೆ ಕಾರ್ಖಾನೆಯ ಹೆಸರಿನೊಂದಿಗೆ ಆ ವರ್ಷವನ್ನು ಬಹುಕಾಲ ಅಚ್ಚುಹಾಕುತ್ತಿದ್ದರು. ಮೊದಲ ಮಹಾಯುದ್ಧದ ಸಮಯದಲ್ಲಿ ಬ್ರಿಟಿಷ್ ಸರ್ಕಾರ ಮಿಷನ್ನಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡಿತು, ಅನಂತರ ಅವು ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಗೆ ಹೋದವು. ಆದ್ದರಿಂದ ಮಿಷನ್ನಿನ ಹೆಸರಿರುವ ಹಂಚು ಸಾಮಾನ್ಯವಾಗಿ ಮಹಾಯುದ್ಧಕ್ಕೆ ಮೊದಲಿನದು ಎಂದು ಹೇಳಬಹುದೇ ಹೊರತು ಅದಕ್ಕಿಂತ ನಿಖರವಾಗಿ ಹೇಳಲಾಗದು. ಅಲ್ಲದೆ ಮಾಡಿನ ಹಂಚು ಒಡೆದಂತೆ ಬದಲಾಗುತ್ತ ಹೋಗುವ ವಸ್ತು. ಬೇರೆ ಮನೆ ಕೆಡವಿದಾಗ ಸಿಕ್ಕ ಹಳೆ ಹಂಚನ್ನು ತಂದು ಹೊದಿಸಿರುವುದೂ ಉಂಟು. ಕಟ್ಟಡದ ಕಾಲ ತಿಳಿಯಲು ಮರ ಮತ್ತು ಕಬ್ಬಿಣವನ್ನೂ ನೋಡಿ. ಮಾಡಿನ ಮರದ ಪಕಾಸಿಗೆ ಹೊಡೆದ ಮೊಳೆಗಳು ಕಮ್ಮಾರ ಬಡಿದು ಮಾಡಿದ ಚೌಕಮೊಳೆಗಳೋ, ಯಂತ್ರದ ತಂತಿಮೊಳೆಗಳೋ? ಮೆತ್ತಿನ ಕೆಳಗೆ ಕಬ್ಬಿಣದ ತೊಲೆ ಇದ್ದರೆ ಅದರ ಮೈಮೇಲೆ ಇಂಗ್ಲೆಂಡಿನ ಕಂಪನಿಯ ಅಚ್ಚಿದೆಯೋ, ಟಾಟಾದ ಅಚ್ಚಿದೆಯೋ? ಟಾಟಾ ಕಾರ್ಖಾನೆಯಲ್ಲಿ ಉಕ್ಕು ತಯಾರಾಗತೊಡಗಿದ್ದು 1912ರಲ್ಲಾದ್ದರಿಂದ ಆ ಅಚ್ಚಿರುವ ತೊಲೆ ಅದಕ್ಕಿಂತ ಹಳೆಯದಾಗಿರಲಾರದು. ಹೀಗೆ ನೋಡುತ್ತ ಹೋದರೆ ಕಟ್ಟಡ 1865ರದ್ದಲ್ಲ, ಅದಕ್ಕಿಂತ ಐವತ್ತು ವರ್ಷ ಈಚಿನದು ಎಂದು ತಿಳಿದುಬರಬಹುದು. ಬಂದರೆ ಬೇಸರಪಡಬೇಡಿ. ಹತ್ತಿಯ ಭರಾಟೆ ಮುಗಿದ ಮೇಲೂ ಪೇಟೆ ಸೋಲದೆ ಅಡಿಕೆ ಕಿರಾಣಿಗಳ ಮೇಲೆ ಮತ್ತೆ ಕಟ್ಟಿಕೊಂಡಿತು ಎಂಬುದಕ್ಕೆ ಅದು ಸಾಕ್ಷಿಯಾಗುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಅದು ಇನ್ನೂ ಅಪರೂಪದ ಸಾಕ್ಷಿ.

ಭಟ್ಕಳದಲ್ಲಿ ಕೇತಪೈ ನಾರಾಯಣ ದೇವಸ್ಥಾನವನ್ನು ನೀವು ನೋಡಿರಬಹುದು. ಹದಿನಾರನೆಯ ಶತಮಾನದಲ್ಲಿ ಒಬ್ಬ ವ್ಯಾಪಾರಿ ಕಟ್ಟಿಸಿದ ಆ ಗುಡಿಯನ್ನು ಇಂದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಕಾಪಾಡುತ್ತಿದೆ. ವ್ಯಾಪಾರದ ಹಣ ಗುಡಿಯಾದಾಗ ಅದನ್ನು ಗುರುತಿಸುವ ನಮ್ಮ ಕಣ್ಣು, ಆ ಹಣ ಹುಟ್ಟಿದ ಅಂಗಡಿಯನ್ನು ಗುರುತಿಸುವುದಿಲ್ಲ ಎಂಬುದು ನನಗೆ ಬಹಳ ಕಾಲದಿಂದ ನೋವುಂಟುಮಾಡಿದ ಸಂಗತಿ. ಬೇರೆ ದೇಶಗಳಲ್ಲಿ ಹಾಗಿಲ್ಲ. ಮಲೇಷ್ಯಾದ ಪಿನಾಂಗಿನ ಜಾರ್ಜ್‌ಟೌನ್ ಮತ್ತು ಮಲಕ್ಕಾ ಪಟ್ಟಣಗಳಿಗೆ 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಸ್ಥಾನ ಸಿಕ್ಕಿದ್ದರಲ್ಲಿ ಅಲ್ಲಿನ ಸಾಲು ಅಂಗಡಿಮನೆಗಳ ಪಾಲು ದೊಡ್ಡದು. ಕೆಳಗೆ ವ್ಯಾಪಾರ, ಮೇಲೆ ಸಂಸಾರ, ಕಿರಿದಾದ ಮುಖ, ನೀಳ ಒಡಲು, ನಡುವೆ ಅಂಗಳ: ಅವುಗಳ ವಿನ್ಯಾಸ ನಿಮ್ಮ ಅಂಗಡಿಯದಕ್ಕೆ ತೀರ ದೂರದ್ದಲ್ಲ. ಅಷ್ಟು ದೂರ ಹೋಗುವುದೂ ಬೇಡ, ಕಾರವಾರ ದಾಟಿ ಪಣಜಿಯ ಫೊಂತೈನ್ಹಾಸ್ ಕೇರಿಗೆ ಹೋದರೆ ಸಾಮಾನ್ಯ ಮನೆ ಅಂಗಡಿಗಳ ಸಾಲೇ ಒಂದು ಊರಿನ ಹೆಮ್ಮೆಯಾಗಿ ಉಳಿದಿರುವುದನ್ನು ಕಾಣಬಹುದು.

ಸಾಲು ಎಂಬುದನ್ನು ನಾನು ಒತ್ತಿ ಹೇಳುತ್ತಿದ್ದೇನೆ. ಪೇಟೆಯ ಅಂಗಡಿಗಳು ಪಕ್ಕದ ಗೋಡೆಯನ್ನು ಹಂಚಿಕೊಂಡು, ಸೂರಿಗೆ ಸೂರು ಕೂಡಿಸಿಕೊಂಡು ನಿಂತ ಕಟ್ಟಡಗಳು. ನಿಮ್ಮ ಎಡಬಲದಲ್ಲಿ ಇಂಥವು ಇನ್ನೂ ಎಷ್ಟು ಉಳಿದಿವೆ ಎಂದು ಒಂದು ದಿನ ಬೀದಿಯುದ್ದಕ್ಕೂ ನಡೆದು ಗುರುತುಮಾಡಿಕೊಳ್ಳಿ. ನಾಲ್ಕೈದು ಒಟ್ಟಿಗೆ ಉಳಿದಿದ್ದರೆ ಅವುಗಳ ಕೂಡು ಮಹತ್ವ ಬಿಡಿಬಿಡಿಯಾಗಿ ಎಣಿಸಿದ್ದಕ್ಕಿಂತ ಹೆಚ್ಚು, ಮತ್ತು ನಿಮ್ಮದನ್ನು ಕೆಡವಿದರೆ ನೆರೆಯವರ ಗೋಡೆಯ ಆಸರೆಯೂ ತಪ್ಪುತ್ತದೆ. ನಿಮ್ಮದೊಂದೇ ಉಳಿದಿದ್ದರೆ, ಅಂಥ ಕಟ್ಟಡದ ಕೊನೆಯ ನಿದರ್ಶನವಾಗಿ ಅದರ ತೂಕ ಬೇರೆ ಬಗೆಯಲ್ಲಿ ಏರುತ್ತದೆ.

ಕಾನೂನಿನ ಭಯ ನಿಮಗೆ ಬೇಡ. ಕೇಂದ್ರದ 1958ರ ಕಾಯ್ದೆ ಮತ್ತು ರಾಜ್ಯದ 1961ರ ಕಾಯ್ದೆ ಅನ್ವಯಿಸುವುದು ಸಂರಕ್ಷಿತ ಸ್ಮಾರಕವೆಂದು ಸರ್ಕಾರ ಅಧಿಸೂಚನೆ ಹೊರಡಿಸಿದ ಕಟ್ಟಡಗಳಿಗೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಪಾರಂಪರಿಕ ಕಟ್ಟಡ ಎಂಬುದಕ್ಕೆ ವ್ಯಾಖ್ಯೆ ಇದೆ. ವಾಸ್ತು, ಸೌಂದರ್ಯ, ಇತಿಹಾಸ ಅಥವಾ ಸಂಸ್ಕೃತಿಯ ಮೌಲ್ಯವಿದ್ದು, ಯೋಜನಾ ಪ್ರಾಧಿಕಾರ ಅಥವಾ ಬೇರೆ ಅಧಿಕಾರವುಳ್ಳ ಸಂಸ್ಥೆ ಹಾಗೆಂದು ಘೋಷಿಸಿದ ಕಟ್ಟಡ ಅದು. ಘೋಷಣೆ ಆಗದ ಹೊರತು, ನೀವು ನಿಮ್ಮ ಮನೆಯ ಮಹತ್ವವನ್ನು ಬರೆದಿಟ್ಟುಕೊಂಡ ಮಾತ್ರಕ್ಕೆ ಯಾವ ನಿರ್ಬಂಧವೂ ಹುಟ್ಟುವುದಿಲ್ಲ. ಅದೇ ಕಾರಣದಿಂದ ಯಾವ ರಕ್ಷಣೆಯೂ ಸಿಗುವುದಿಲ್ಲ. ಕಟ್ಟಡದ ಭವಿಷ್ಯ ಸಂಪೂರ್ಣವಾಗಿ ನಿಮ್ಮ ಮೂವರ ಕೈಯಲ್ಲಿದೆ. ಕೆಡವಿ ಕಟ್ಟುವ ಯೋಚನೆಯಿರುವವರು ಮಾತ್ರ ಒಂದು ವಿಷಯವನ್ನು ಮೊದಲೇ ವಿಚಾರಿಸಿಕೊಳ್ಳಬೇಕು: ಭರತ ಇಳಿತದ ನೀರು ಬರುವ ಹಳ್ಳ ಹತ್ತಿರವಿದ್ದರೆ ಕರಾವಳಿ ನಿಯಂತ್ರಣ ವಲಯದ ನಿಯಮಗಳು ಹೊಸ ಕಟ್ಟಡಕ್ಕೆ ಅಡ್ಡಬರಬಹುದು. ಹಳೆಯದನ್ನು ಕಳೆದುಕೊಂಡು ಹೊಸದಕ್ಕೆ ಪರವಾನಗಿ ಸಿಗದೆ ಬರಿ ನಿವೇಶನ ಹಿಡಿದು ಕೂರುವ ಸ್ಥಿತಿ ಯಾರಿಗೂ ಬರಬಾರದು.

ಮರಮಟ್ಟಿನ ವ್ಯಾಪಾರಿಗೆ ಈಗಲೇ ಬೇಡವೆಂದು ಹೇಳಿಬಿಡಿ. ನೂರು ವರ್ಷ ದಾಟಿದ ಕಟ್ಟಡದಿಂದ ಬಿಡಿಸಿದ ಬಾಗಿಲು, ಕಂಬ, ತೊಲೆಗಳು 1972ರ ಪುರಾವಸ್ತು ಕಾಯ್ದೆಯ ವ್ಯಾಖ್ಯೆಯೊಳಗೆ ಬರಬಹುದು. ಪುರಾವಸ್ತುಗಳ ವ್ಯಾಪಾರ ನಡೆಸುವವರಿಗೆ ಪರವಾನಗಿ ಬೇಕು, ಖಾಸಗಿಯವರು ಅವುಗಳನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಕಾನೂನಿಗಿಂತ ದೊಡ್ಡ ಕಾರಣ ಬೇರೆ ಇದೆ. ಆ ಹಲಗೆ ಬಾಗಿಲು ಬೆಂಗಳೂರಿನ ಯಾವುದೋ ಹೋಟೆಲಿನ ಗೋಡೆಗೆ ಒರಗಿ ನಿಂತ ದಿನ ಅದು ಬರಿ ಮರ. ಕಟ್ಟೆ, ಗಲ್ಲಾ, ವಖಾರಿಗಳ ಜೊತೆಗಿರುವಷ್ಟು ಕಾಲ ಮಾತ್ರ ಅದು ಸಾಕ್ಷಿ.

ಕಟ್ಟಡದ ಮಹತ್ವವನ್ನು ಕುಗ್ಗಿಸಿರುವ ಸಂಗತಿಗಳನ್ನೂ ಹೇಳಬೇಕು. ಒಂದು ಅಂಕಣದಲ್ಲಿ ಹಲಗೆ ಬಾಗಿಲು ತೆಗೆದು ರೋಲಿಂಗ್ ಶಟರ್ ಹಾಕಿದ್ದೀರಿ. ಇದು ಚಿಕ್ಕ ವಿಷಯ, ಹಲಗೆ ಸರಿಸುವ ಮೇಲಿನ ಸಂದು ಹಾಗೇ ಇದ್ದರೆ ಹಳೆಯ ರೀತಿಗೆ ತರಬಹುದು. ಚಿಂತೆಯ ವಿಷಯವೆಂದರೆ ಮುಂಗೋಡೆಗೆ ಬಳಿದಿರುವ ಸಿಮೆಂಟು ಗಿಲಾವು. ಚಿರೆಕಲ್ಲು ಸಣ್ಣ ರಂಧ್ರಗಳಿಂದ ತುಂಬಿದ ಕಲ್ಲು. ಅದು ಮಳೆಗಾಲದಲ್ಲಿ ನೆಲದಿಂದಲೂ ಗಾಳಿಯಿಂದಲೂ ತೇವ ಹೀರಿ, ಬೇಸಿಗೆಯಲ್ಲಿ ಹೊರಗೆ ಬಿಡುತ್ತದೆ. ಸುಣ್ಣದ ಗಾರೆ ಈ ಬರುಹೋಗುವಿಕೆಗೆ ದಾರಿ ಕೊಡುತ್ತದೆ, ಸಿಮೆಂಟು ಕೊಡುವುದಿಲ್ಲ. ತೇವ ಒಳಗೇ ಸಿಕ್ಕಿಕೊಂಡು, ಅದರಲ್ಲಿ ಕರಗಿದ ಉಪ್ಪು ಗಿಲಾವಿನ ಹಿಂದೆ ಹರಳುಗಟ್ಟಿ, ಕಲ್ಲಿನ ಮೈ ಪುಡಿಯಾಗುತ್ತದೆ; ಗೋಡೆಗೆ ಸಿಕ್ಕಿಸಿದ ತೊಲೆಗಳ ತುದಿ ಕೊಳೆತು ಕುಂಬಾಗುವುದೂ ಹೀಗೆಯೇ. ಗೋಡೆ ಹಳೆಯದಾಗಿ ಶಕ್ತಿ ಕಳೆದುಕೊಂಡಿದೆ ಎಂದು ನಿಮ್ಮ ಎಂಜಿನಿಯರು ಹೇಳಿದ್ದಾರೆಂದು ಬರೆದಿದ್ದೀರಿ. ಸಿಮೆಂಟು ಕೆತ್ತಿಸಿ, ಒಂದು ಬೇಸಿಗೆ ಒಣಗಲು ಬಿಟ್ಟು, ತೊಲೆಯ ತುದಿಗಳನ್ನು ತಟ್ಟಿ ನೋಡಿದ ಮೇಲೆ ಅವರು ಅದೇ ಮಾತು ಹೇಳುತ್ತಾರೆಯೇ ಎಂದು ಕೇಳಿ. ಹಾಳಾದ ತುದಿಯನ್ನು ಮಾತ್ರ ಕತ್ತರಿಸಿ ಅದೇ ಜಾತಿಯ ಮರದ ತುಂಡು ಜೋಡಿಸುವ ಕೆಲಸ ಬಲ್ಲ ಆಚಾರಿಗಳು ನಮ್ಮ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ. ಅಘನಾಶಿನಿಯ ಚಿಪ್ಪು ಸುಟ್ಟು ಮಾಡುವ ಸುಣ್ಣವನ್ನೂ ಈ ಸೀಮೆ ತಲೆಮಾರುಗಳಿಂದ ಬಲ್ಲದು. ಮೈಸೂರಿನಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾಯಿತು, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಅಂಗಡಿ ಕಟ್ಟಡವನ್ನು ಪಾರಂಪರಿಕ ಎಂದು ಕರೆಯುವವರು ಅದರ ಒಳಗೆ ದಿನವೂ ಓಡಾಡುವವರ ಸುರಕ್ಷತೆಗೆ ಮೊದಲು ಉತ್ತರ ಹೇಳಬೇಕು. ಆದ್ದರಿಂದ ಪ್ರತಿವರ್ಷ ಮಳೆಗೆ ಮುಂಚೆ ಹಂಚು ಕೈಯಾಡಿಸುವುದು, ಸೂರಿನ ಮಳೆನೀರಿನ ದೋಣಿ ಶುಚಿ ಮಾಡುವುದು, ವರಲೆ ನೋಡುವುದು ಇವನ್ನು ಒಂದು ವರ್ಷವೂ ತಪ್ಪಿಸಬೇಡಿ.

ಕಟ್ಟಿಸಬೇಕೆನ್ನುವ ನಿಮ್ಮ ಸೋದರರ ಮಾತನ್ನೂ ನಾನು ಹಗುರವಾಗಿ ನೋಡುವುದಿಲ್ಲ. ಮೂರು ಸಂಸಾರಗಳಿಗೆ ಆದಾಯ ಬೇಕು, ಮತ್ತು ಆದಾಯ ತರದ ಅಂಗಡಿ ಬಹಳ ದಿನ ಉಳಿಯುವುದೂ ಇಲ್ಲ. ನನ್ನ ಸಲಹೆ ಇಷ್ಟು: ಕಟ್ಟಡವನ್ನು ಉದ್ದುದ್ದಕ್ಕೆ ಮೂರು ಪಟ್ಟಿಯಾಗಿ ಸೀಳುವ ಪಾಲು ಮಾತ್ರ ಬೇಡ, ಅದರಲ್ಲಿ ಮೂವರಿಗೂ ನಷ್ಟ. ಬೀದಿ ಮುಖ, ಕಟ್ಟೆ, ಗಲ್ಲಾದ ಅಂಗಡಿ, ಒಳಂಗಳ ಮತ್ತು ವಖಾರಿಯನ್ನು ಒಟ್ಟಾಗಿ ಉಳಿಸಿಕೊಂಡು, ವಖಾರಿಯ ಪಕ್ಕ ಖಾಲಿ ಬಿದ್ದಿರುವ ಹಿತ್ತಿಲಲ್ಲಿ ಹೊಸ ಮಳಿಗೆಗಳನ್ನು ಕಟ್ಟಿ ಓಣಿಯ ಕಡೆಗೆ ಬಾಗಿಲು ಕೊಡಬಹುದು. ಅವುಗಳ ಎತ್ತರ ಹಳೆ ಮಾಡಿನ ತುದಿಯನ್ನು ಮೀರದಿದ್ದರೆ ಬೀದಿಯಿಂದ ನೋಡಿದವರಿಗೆ ಪೇಟೆಯ ಸಾಲು ಹಾಗೇ ಕಾಣುತ್ತದೆ. ವಖಾರಿಯಲ್ಲಿ ಈಗ ಅಡಿಕೆ ಇಡದಿದ್ದರೂ ತೊಂದರೆಯಿಲ್ಲ. ಗಾಳಿಗಂಡಿಗಳನ್ನು ಮುಚ್ಚದೆ, ಅಟ್ಟವನ್ನು ಕೀಳದೆ ಮಾಡುವ ಯಾವ ವ್ಯಾಪಾರವೂ ಅದಕ್ಕೆ ಒಗ್ಗುತ್ತದೆ. ಮೆತ್ತು ಬಾಡಿಗೆಗೆ ಹೋಗಲಿ. ಸ್ನಾನದ ಮನೆ, ನೀರಿನ ಕೊಳವೆಗಳನ್ನು ಮಾತ್ರ ಚಿರೆಕಲ್ಲಿನ ಗೋಡೆಯಿಂದ ದೂರವಿಟ್ಟು ಹೊಸ ಭಾಗದಲ್ಲೇ ಮಾಡಿಸಿ.

ಮೂವರೂ ಏನೇ ತೀರ್ಮಾನಿಸಿದರೂ ಅದಕ್ಕೆ ಮೊದಲು ಮುಗಿಯಬೇಕಾದ ಕೆಲಸ ದಾಖಲಾತಿ. ವಾಸ್ತುಶಿಲ್ಪ ಕಲಿತ ಒಬ್ಬರಿಂದ ನೆಲದ ನಕ್ಷೆ, ಉದ್ದಕ್ಕೆ ಸೀಳಿದಂತೆ ತೋರಿಸುವ ಒಂದು ನಕ್ಷೆ ಮತ್ತು ಬೀದಿ ಮುಖದ ನಕ್ಷೆಯನ್ನು ಅಳತೆಯೊಂದಿಗೆ ಬರೆಸಿ. ಮನೆಯಲ್ಲಿರುವ ಕಿರ್ದಿ ಖಾತೆ ಪುಸ್ತಕಗಳನ್ನು, ದಲಾಲಿ ಪಟ್ಟಿಗಳನ್ನು, ತೆರಿಗೆ ರಸೀದಿಗಳನ್ನು ರದ್ದಿಗೆ ಹಾಕಬೇಡಿ; ಕೆಲವು ಮರಾಠಿಯ ಹಳೆ ಬರಹವಾದ ಮೋಡಿ ಲಿಪಿಯಲ್ಲಿದ್ದರೆ ಓದುವವರನ್ನು ಹುಡುಕಬೇಕಾಗುತ್ತದೆ, ಅಲ್ಲಿಯವರೆಗೆ ಚಿತ್ರ ತೆಗೆದಿಟ್ಟರೂ ಸಾಕು. ನಿವೇಶನದ ಹಳೆ ಹಕ್ಕುಪತ್ರಗಳಿಗಾಗಿ ಉಪನೋಂದಣಿ ಕಚೇರಿಯನ್ನೂ ಪುರಸಭೆಯ ತೆರಿಗೆ ವಹಿಗಳನ್ನೂ ನೋಡಿಸಿ. ಪೇಟೆಯ ಹಳೆಯ ಚರಿತ್ರೆಯ ಕಾಗದಗಳನ್ನು 1862ಕ್ಕಿಂತ ಮೊದಲಿನವಾದರೆ ಚೆನ್ನೈನ ಪತ್ರಾಗಾರದಲ್ಲಿ, ಅನಂತರದವಾದರೆ ಮುಂಬಯಿಯ ಪತ್ರಾಗಾರದಲ್ಲಿ, 1956ರ ಏಕೀಕರಣದ ಈಚಿನವಾದರೆ ಬೆಂಗಳೂರಿನ ಪತ್ರಾಗಾರದಲ್ಲಿ ಹುಡುಕಬೇಕು. ಮನೆಯ ಹಿರಿಯರಲ್ಲಿ ವಖಾರಿಯಲ್ಲಿ ಮಾಲು ತುಂಬಿದ್ದ ದಿನಗಳನ್ನು ಕಂಡವರಿದ್ದರೆ ಅವರನ್ನು ಆ ಜಾಗಕ್ಕೇ ಕರೆತಂದು, ಯಾವ ಮೂಲೆಯಲ್ಲಿ ಏನಿತ್ತು, ತಕ್ಕಡಿ ಎಲ್ಲಿ ತೂಗುತ್ತಿತ್ತು, ಹಮಾಲರು ಯಾವ ಬಾಗಿಲಿನಿಂದ ಬರುತ್ತಿದ್ದರು ಎಂದು ಕೇಳಿ, ನಕ್ಷೆಯ ಮೇಲೆಯೇ ಗುರುತು ಹಾಕಿ. ಅಳತೆಯ ಕೆಲಸವನ್ನು ಮೇ ತಿಂಗಳೊಳಗೆ ಮುಗಿಸಿ, ಏಕೆಂದರೆ ಮಳೆ ಹಿಡಿದ ಮೇಲೆ ಮಾಡಿನ ಮೇಲೆ ಹತ್ತಲಾಗುವುದಿಲ್ಲ. ನಕ್ಷೆಗಳ ಒಂದೊಂದು ಪ್ರತಿ ಮೂವರ ಮನೆಯಲ್ಲೂ ಇರಲಿ, ಇನ್ನೊಂದನ್ನು ಊರಿನ ಕಾಲೇಜಿನ ಗ್ರಂಥಾಲಯಕ್ಕೆ ಕೊಡಿ.